ಅಡುಗೆಮನೆಯ ಹಳೇ ಬಾಕಿಗಳು

ಹೊರನಾಡಿನಲ್ಲಿ ಕೂತು ಬರೆಯುವವರ ಪ್ರಬಂಧಗಳಲ್ಲಿ ಅಮ್ಮನ ಕೈರುಚಿಗೆ ಒಂದು ಖಾಯಂ ಪುಟ ಮೀಸಲು. ಸಾರಿನ ಘಮ, ಒಗ್ಗರಣೆಯ ಚಟಪಟ, ಯುಗಾದಿಯ ಒಬ್ಬಟ್ಟು, ಇವಿಲ್ಲದೆ ನಮ್ಮ ಬರವಣಿಗೆಗೆ ಮಂಗಳ ಹಾಡಿದ ಹಾಗೇ ಆಗುವುದಿಲ್ಲ. ಓದುವುದಕ್ಕೆ ಹಿತವಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಚೆನ್ನೈನಲ್ಲಿ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಸಂಸಾರ ಮಾಡಿದ ಮೇಲೆ ನನಗೆ ಒಂದು ಅನುಮಾನ ಬಂದಿದೆ. ಊರು ಬಿಟ್ಟವನ ನಾಲಿಗೆ ಎರಡು ವರ್ಷದಲ್ಲಿ ಹೊಸ ಊರಿನ ಉಪ್ಪು ಹುಳಿಗೆ ಒಗ್ಗಿಬಿಡುತ್ತದೆ. ಒಗ್ಗದೆ ಉಳಿಯುವುದು ಕೈ. ಸೌತೆಕಾಯಿ ಹೆಚ್ಚುವ ಕೈ, ಅಕ್ಕಿ ಅಳೆಯುವ ಕೈ, ಉಪ್ಪನ್ನು ಇನ್ನೊಬ್ಬರ ಕೈಗೆ ಕೊಡದೆ ನೆಲದ ಮೇಲಿಡುವ ಕೈ. ಅಪ್ಪ ಅಮ್ಮನಿಂದ ಬಂದ ಇಂಥ ವಿಚಿತ್ರ ಅಭ್ಯಾಸಗಳ ಬಗ್ಗೆ ನಮ್ಮವರು ಬರೆದದ್ದು ಕಡಿಮೆ. ಬರೆದದ್ದರಲ್ಲೂ ವಿಮರ್ಶೆ ಕಡಿಮೆ, ಭಜನೆ ಜಾಸ್ತಿ. ಅದಕ್ಕೇ ಈ ಲೇಖನ.

ಮೊದಲು ನಮ್ಮ ಜಾಗದ ಪರಿಚಯ. ಅಣ್ಣಾ ನಗರ್ ಚೆನ್ನೈನ ಪಶ್ಚಿಮ ಭಾಗದ ಬಡಾವಣೆ. ಇಲ್ಲಿ 1968ರಲ್ಲಿ ಒಂದು ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೆಯಿತು. ಆ ಮೇಳಕ್ಕೆಂದು ಕಟ್ಟಿದ ಎತ್ತರದ ಗೋಪುರ ಇಂದಿಗೂ ಇದೆ. ಜನ ಅದನ್ನು ‘ಟವರ್ ಪಾರ್ಕ್’ ಎಂದೇ ಕರೆಯುತ್ತಾರೆ. ಅದರ ನಿಜವಾದ ಹೆಸರಿನಲ್ಲಿರುವುದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಎಂದು ಹೇಳಿದರೆ ಅಕ್ಕಪಕ್ಕದವರೇ ನಂಬುವುದಿಲ್ಲ. ಮನೆಯಿಂದ ಸ್ವಲ್ಪ ದೂರದಲ್ಲಿ ಕೋಯಂಬೇಡು ಮಾರುಕಟ್ಟೆ. ನಮ್ಮದು ಎರಡು ಬೆಡ್‌ರೂಮಿನ ಫ್ಲಾಟು. ನನ್ನ ಕಡೆಯವರು ಹಾಸನ ಜಿಲ್ಲೆಯ ಅರಕಲಗೂಡು, ಹೆಂಡತಿಯ ಕಡೆಯವರು ತೀರ್ಥಹಳ್ಳಿ. ಮೇಲಿನ ಮನೆಯ ಮಾಮಿ ಕುಂಭಕೋಣದವರು. ಹೀಗೆ ಮೂರು ಊರಿನ ಪದ್ಧತಿಗಳು ಒಂದೇ ಮೆಟ್ಟಿಲ ಮೇಲೆ ಹತ್ತಿ ಇಳಿಯುತ್ತವೆ.

ವಿಚಿತ್ರ ಏನೆಂದರೆ, ಅರಕಲಗೂಡಿನ ನಮ್ಮ ದೊಡ್ಡಪ್ಪನ ಮಕ್ಕಳ ಮನೆಯಲ್ಲಿ ಎಂದೋ ಬಿಟ್ಟುಹೋದ ಅಭ್ಯಾಸಗಳು ನಮ್ಮ ಮನೆಯಲ್ಲಿ ಇನ್ನೂ ಜೀವಂತವಾಗಿವೆ. ಹುಳಿಗೆ ಬೆಲ್ಲ ಹಾಕುವುದನ್ನೇ ನೋಡಿ. ಅಲ್ಲಿ ಮನೆಮಂದಿಗೆಲ್ಲ ಶುಗರ್ ಬಂದು ಬೆಲ್ಲ ನಿಂತುಹೋಯಿತು. ಇಲ್ಲಿ ನಮಗೂ ಶುಗರ್ ಇದೆ, ಆದರೂ ಕಡಲೆಕಾಳಿನಷ್ಟು ಬೆಲ್ಲ ಬಿದ್ದೇ ಬೀಳುತ್ತದೆ. ಮಾಮಿ ಮೊದಲ ಸಲ ರುಚಿ ನೋಡಿ, “ಎನ್ನ ಸಾರ್, ಸಾಂಬಾರ್‌ಲ ವೆಲ್ಲಮಾ?” ಎಂದು ನಕ್ಕಿದ್ದರು. ಸಾಂಬಾರಿಗೆ ಬೆಲ್ಲವಾ ಅಂತ. ಆವತ್ತಿನಿಂದ ಆ ಬೆಲ್ಲ ನಮ್ಮ ಮನೆಯಲ್ಲಿ ಕನ್ನಡದ ಬಾವುಟದ ಹಾಗೆ ಆಗಿಬಿಟ್ಟಿದೆ. ಕಾಳಿನ ಗಾತ್ರ ಕಿರಿದಾಗಿದೆ, ಹಟ ಕಿರಿದಾಗಿಲ್ಲ.

ಇದು ನಮ್ಮೊಬ್ಬರ ಕಥೆಯೂ ಅಲ್ಲ, ಹೊಸದೂ ಅಲ್ಲ. ಶತಮಾನಗಳ ಹಿಂದೆ ಶೆಂಕೋಟೆ ಕಡೆಯಿಂದ ಬಂದು ಹಾಸನದ ಕೌಶಿಕ, ಮೈಸೂರು ಜಿಲ್ಲೆಯ ಬೆಟ್ಟದಪುರದ ಸುತ್ತ ನೆಲೆಸಿದ ಸಂಕೇತಿಗಳು ತಮ್ಮ ಮನೆಮಾತನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ವಲಸೆ ಹೋದವರು ಹಿಡಿದುಕೊಂಡದ್ದನ್ನು ಬೇಗ ಬಿಡುವುದಿಲ್ಲ. ಊರಿನಲ್ಲಿ ಅಭ್ಯಾಸಕ್ಕೆ ಅಭ್ಯಾಸ ಅಂತಷ್ಟೇ ಹೆಸರು. ಹೊರಗೆ ಬಂದ ಕೂಡಲೇ ಅದಕ್ಕೆ ‘ನಮ್ಮತನ’ ಎಂಬ ದೊಡ್ಡ ಹೆಸರು ಬರುತ್ತದೆ. ಹಾಗೆ ಹೆಸರು ಬಂದ ಮೇಲೆ ಅದನ್ನು ಪ್ರಶ್ನಿಸುವುದು ಕಷ್ಟ. ಅದಕ್ಕೇ ಈ ಪ್ರಶ್ನೆಯನ್ನು ಊರಿನವರಿಗಿಂತ ಹೊರಗಿದ್ದವರೇ ಕೇಳಿಕೊಳ್ಳಬೇಕು ಎಂದು ನನ್ನ ಅಭಿಪ್ರಾಯ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಪ್ರತಿ ಶಾಖೆಯಲ್ಲೂ ‘ಸಸ್ಪೆನ್ಸ್ ಅಕೌಂಟ್’ ಅಂತ ಒಂದು ಖಾತೆ ಇರುತ್ತದೆ. ಯಾವ ಬಾಬ್ತಿಗೆ ಸೇರಿದ್ದೆಂದು ಗೊತ್ತಾಗದ ಮೊತ್ತವನ್ನು ಸದ್ಯಕ್ಕೆ ಅಲ್ಲಿ ಹಾಕಿಡುವುದು. ಹಾಕಿಟ್ಟು ಮರೆತುಬಿಡುವ ಹಾಗಿಲ್ಲ. ಮೂಲ ವೋಚರ್ ಹುಡುಕಿ, ಸರಿಯಾದ ಖಾತೆಗೆ ವರ್ಗಾಯಿಸಿ, ಇಲ್ಲವೇ ಮೇಲಧಿಕಾರಿಗಳ ಅಪ್ಪಣೆ ಪಡೆದು ವಜಾ ಮಾಡಬೇಕು. ಅಡುಗೆಮನೆಯ ಅಭ್ಯಾಸಗಳೂ ಹೀಗೇ ಬಂದು ಕೂತಿರುವ ಹಳೇ ಬಾಕಿಗಳು. ಅವುಗಳ ವೋಚರ್ ಹುಡುಕಲು ಹೊರಟವರಲ್ಲಿ ಎರಡು ಪಂಗಡ ಇದೆ. ಒಂದು ಪಂಗಡಕ್ಕೆ ಎಲ್ಲದರ ಹಿಂದೆಯೂ ವಿಜ್ಞಾನ ಕಾಣುತ್ತದೆ. ‘ನಮ್ಮ ಹಿರಿಯರು ದಡ್ಡರಲ್ಲ’ ಎಂದು ಶುರುಮಾಡಿ, ಉಪ್ಪಿನಿಂದ ಹಿಡಿದು ಹೊಸ್ತಿಲಿನವರೆಗೆ ಒಂದೊಂದಕ್ಕೂ ವೈಜ್ಞಾನಿಕ ಕಾರಣ ಕೊಡುವ ಪುಸ್ತಕಗಳು ಕನ್ನಡದಲ್ಲೂ ಇವೆ, ತಮಿಳಿನಲ್ಲೂ ಇವೆ. ಇನ್ನೊಂದು ಪಂಗಡಕ್ಕೆ ಎಲ್ಲವೂ ಮೂಢನಂಬಿಕೆ. ಇಬ್ಬರೂ ಲೆಕ್ಕ ತೆಗೆಯುವ ಮೊದಲೇ ಉತ್ತರ ಬರೆದಿಟ್ಟುಕೊಂಡವರು.

ಸೌತೆಕಾಯಿಯನ್ನು ತೆಗೆದುಕೊಳ್ಳೋಣ. ತುದಿ ಕತ್ತರಿಸಿ, ಆ ತುಂಡಿನಿಂದಲೇ ಗರಗರ ಉಜ್ಜಿ, ಬಿಳಿ ನೊರೆ ಬಂದ ಮೇಲೆ ‘ಕಹಿ ಹೋಯಿತು’ ಎಂದು ತೊಳೆಯುವುದು ನಮ್ಮ ಮನೆಯಲ್ಲೂ ಇತ್ತು, ಮಾಮಿಯ ಮನೆಯಲ್ಲೂ ಇದೆ. ಸೌತೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಅದು ಹೆಚ್ಚಾಗಿ ಸೇರಿಕೊಳ್ಳುವುದು ತೊಟ್ಟಿನ ಕಡೆಯ ತುದಿಯಲ್ಲಿ ಮತ್ತು ಸಿಪ್ಪೆಯ ಹತ್ತಿರ. ಹಾಗಾಗಿ ತುದಿ ಕತ್ತರಿಸಿ ಎಸೆದರೆ ಕಹಿ ತಗ್ಗುವುದು ನಿಜ. ಉಜ್ಜುವುದರಿಂದ ಒಳಗಿನ ಕಹಿಯೆಲ್ಲ ಹೊರಗೆ ಬರುತ್ತದೆ ಎನ್ನುವುದಕ್ಕೆ ಆಧಾರ ಸಾಲದು. ಅಂದರೆ ಒಂದೇ ಅಭ್ಯಾಸದಲ್ಲಿ ಅರ್ಧ ಕೆಲಸ, ಅರ್ಧ ಪೂಜೆ. ವಿಜ್ಞಾನದವರು ಅರ್ಧ ನೋಡಿ ಪೂರ್ತಿಗೆ ಜೈ ಅನ್ನುತ್ತಾರೆ, ಮೂಢನಂಬಿಕೆಯವರು ಇನ್ನರ್ಧ ನೋಡಿ ಪೂರ್ತಿ ಎಸೆಯುತ್ತಾರೆ. ಕತ್ತರಿಸಬೇಕಾದ ಜಾಗ ಎಲ್ಲಿ ಎಂದು ನೋಡುವ ವ್ಯವಧಾನ ಇಬ್ಬರಿಗೂ ಇಲ್ಲ.

ವೋಚರ್ ಹುಡುಕುತ್ತಾ ಹೋದರೆ ನಮ್ಮ ಅಭ್ಯಾಸಗಳು ಮೂರು ಖಾತೆಗಳಲ್ಲಿ ಬೀಳುತ್ತವೆ. ಮೊದಲನೆಯದು ಪಾತ್ರೆಯ ಖಾತೆ. ಹುಳಿ, ಮಜ್ಜಿಗೆ, ಗೊಜ್ಜು ಯಾವುದನ್ನೂ ಅಡುಗೆಯಾದ ಪಾತ್ರೆಯಲ್ಲಿ ರಾತ್ರಿಯವರೆಗೆ ಬಿಡಬಾರದು, ಕಲ್ಲಿನ ಮರಿಗೆಗೋ ಪಿಂಗಾಣಿಗೋ ಸುರಿಯಬೇಕು ಎಂದು ನಮ್ಮಮ್ಮನ ಕಟ್ಟುನಿಟ್ಟು. ಆಗಿನ ಪಾತ್ರೆಗಳು ಹಿತ್ತಾಳೆಯವು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿ ತಗುಲಿದರೆ ತಾಮ್ರ ಕರಗಿ ಕಿಲುಬು ಬಿಡುತ್ತದೆ. ಅದಕ್ಕೇ ನವಸಾಗರ ಹಾಕಿ ತಿಕ್ಕಿ, ತವರ ಕರಗಿಸಿ ಬಳಿದು ಕಲಾಯಿ ಹಾಕಿಸುತ್ತಿದ್ದದ್ದು. ಕಲಾಯಿ ಸವೆದಿದೆಯೋ ಇಲ್ಲವೋ ಎಂದು ದಿನಾ ಪರೀಕ್ಷೆ ಮಾಡುವುದಕ್ಕಿಂತ, ‘ರಾತ್ರಿ ಇಡಬಾರದು’ ಎಂಬ ನಿಯಮ ಸುಲಭ. ಈಗ ಮನೆ ತುಂಬ ಸ್ಟೀಲು. ಅದಕ್ಕೆ ಈ ಹುಳಿಯ ಭಯ ಇಲ್ಲ. ಆದರೂ ನನ್ನ ಕೈ ರಾತ್ರಿ ಒಂಬತ್ತು ಗಂಟೆಗೆ ತಾನಾಗಿ ಹುಳಿಯನ್ನು ಒಂದು ಸ್ಟೀಲಿನಿಂದ ಇನ್ನೊಂದು ಸ್ಟೀಲಿಗೆ ಸುರಿಯುತ್ತದೆ. “ಯಾಕ್ರೀ, ತೊಳೆಯೋಕೆ ಒಂದು ಪಾತ್ರೆ ಜಾಸ್ತಿಯಾಗ್ಲಿ ಅಂತಾನಾ?” ಎಂದು ಹೆಂಡತಿ ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ.

ಮಾಮಿಯ ಮನೆಯಲ್ಲಿ ಇದಕ್ಕಿಂತ ಸ್ವಾರಸ್ಯದ ಪಾತ್ರೆಯಿದೆ, ‘ಈಯಚ್ಚೊಂಬು’. ತವರದ ಚೊಂಬು. ತಮಿಳು ಮನೆಗಳಲ್ಲಿ ರಸಂ ಅದರಲ್ಲೇ ಕುದಿಯಬೇಕು. ಅದನ್ನು ಬರಿದಾಗಿ ಒಲೆಯ ಮೇಲೆ ಇಡಬಾರದು, ಮೊದಲು ನೀರು ಹಾಕಿಯೇ ಇಡಬೇಕು, ಒಗ್ಗರಣೆ ಬೇರೆ ಸೌಟಿನಲ್ಲಿ ಮಾಡಬೇಕು ಎಂದು ಮಾಮಿಗೆ ಅವರ ಅತ್ತೆಯ ಅಪ್ಪಣೆ. ಬರೀ ಚೊಂಬು ಒಲೆಯ ಮೇಲಿಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಅತ್ತೆ ಹೇಳಿದ್ದರಂತೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರಿರುವ ತನಕ ಪಾತ್ರೆ ನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ನೀರಿಲ್ಲದಿದ್ದರೆ ಚೊಂಬು ಕಣ್ಣೆದುರೇ ಕರಗಿ ಒಲೆಗೆ ಇಳಿಯುತ್ತದೆ. ಲಕ್ಷ್ಮಿ ಹೋಗುವುದು ಅಕ್ಷರಶಃ ನಿಜ, ಆ ಚೊಂಬಿನ ಬೆಲೆ ಕೇಳಿದವರಿಗೆ ಗೊತ್ತು. ಇಲ್ಲಿ ವಿಜ್ಞಾನದವರಿಗೆ ಗೆಲುವು. ಆದರೆ ಪೂರ್ತಿ ಗೆಲುವಲ್ಲ. ತಮಿಳಿನಲ್ಲಿ ‘ಈಯಂ’ ಎಂಬ ಮಾತು ಸೀಸಕ್ಕೂ ನಡೆಯುತ್ತದೆ, ತವರಕ್ಕೆ ಬಿಡಿಸಿ ಹೇಳಬೇಕಾದರೆ ‘ವೆಳ್ಳೀಯಂ’. ಸೀಸ ಬೆರೆತ ಚೊಂಬಿನಲ್ಲಿ ಹುಣಸೆಯ ರಸ ಕುದಿಸಿದರೆ ಅದು ವಿಷ. ಹಿರಿಯರ ಪಾತ್ರೆ ಎಂದ ಮಾತ್ರಕ್ಕೆ ಆರೋಗ್ಯವಲ್ಲ. ಯಾವ ಲೋಹ ಎಂದು ನೋಡಿ ಕೊಳ್ಳಬೇಕು.

ಎರಡನೆಯದು ಅಭಾವದ ಖಾತೆ. ಇದರಲ್ಲಿ ನನಗೆ ತುಂಬ ಹತ್ತಿರದ ನಮೂದು ಸೋಮವಾರ ರಾತ್ರಿಯದು. ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಅನ್ನ ಮಾಡುವುದಿಲ್ಲ. ಒಗ್ಗರಣೆ ಅವಲಕ್ಕಿಯೋ ಬಾಳೆಹಣ್ಣು ಹಾಲೋ, ಅಷ್ಟೆ. ನನ್ನ ಮಗಳು ಇದನ್ನು ಈಶ್ವರನ ವ್ರತ ಎಂದೇ ತಿಳಿದು ಬೆಳೆದಳು. ಮಾಮಿಯೂ “ಸೋಮವಾರ ವಿರದಮಾ?” ಎಂದು ಗೌರವದಿಂದ ಕೇಳುತ್ತಾರೆ. ಇದರ ಮೂಲ ಶಿವನಲ್ಲ, ಲಾಲ್ ಬಹದ್ದೂರ್ ಶಾಸ್ತ್ರಿಗಳು. 1965ರಲ್ಲಿ ಒಂದು ಕಡೆ ಯುದ್ಧ, ಇನ್ನೊಂದು ಕಡೆ ಧಾನ್ಯದ ಅಭಾವ. ಪಿ.ಎಲ್. 480 ಒಪ್ಪಂದದಡಿ ಅಮೆರಿಕದಿಂದ ಬರುವ ಗೋಧಿಯ ಹಡಗಿನ ದಾರಿ ಕಾಯಬೇಕಾದ ಕಾಲ. ದೇಶದ ಜನ ವಾರಕ್ಕೊಂದು ಹೊತ್ತು ಊಟ ಬಿಡಬೇಕೆಂದು ಪ್ರಧಾನಿ ಕೇಳಿಕೊಂಡರು. ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಹಾಕಿದವು. ‘ಶಾಸ್ತ್ರಿ ವ್ರತ’ ಎಂದು ಜನ ಕರೆದದ್ದು ಇದನ್ನೇ. ನನಗೆ ಆಗ ಐದು ವರ್ಷ. ಶಾಲಾ ಮೇಷ್ಟರಾಗಿದ್ದ ನಮ್ಮಪ್ಪ ಶುರುಮಾಡಿದರು. 1966ರ ಜನವರಿಯಲ್ಲಿ ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡರು. ಅಪ್ಪ ನಿಲ್ಲಿಸಲಿಲ್ಲ. ಹಸಿರು ಕ್ರಾಂತಿ ಬಂತು, ಗೋದಾಮುಗಳು ತುಂಬಿದವು, ಆಗಲೂ ನಿಲ್ಲಿಸಲಿಲ್ಲ. “ಮಾತು ಕೊಟ್ಟದ್ದು ಕಣೋ, ವಾಪಸು ತಗೋ ಅಂತ ಅವರು ಹೇಳಲಿಲ್ಲವಲ್ಲ” ಅನ್ನುತ್ತಿದ್ದರು.

ಒಂದು ಸರ್ಕಾರದ ಮನವಿ ಎರಡು ತಲೆಮಾರಿನಲ್ಲಿ ದೇವರ ವ್ರತವಾಗುವುದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಅದಕ್ಕೇ ‘ಸಾವಿರಾರು ವರ್ಷಗಳ ಪದ್ಧತಿ’ ಎಂದು ಯಾರಾದರೂ ಹೇಳಿದರೆ ನನಗೆ ಕೂಡಲೇ ನಂಬಿಕೆ ಬರುವುದಿಲ್ಲ. ಕೆಲವಕ್ಕೆ ಅರವತ್ತು ವರ್ಷ ಆಗಿದ್ದರೆ ಹೆಚ್ಚು. ಹಾಗಂತ ಈ ಅಭ್ಯಾಸ ಅಗ್ಗದ್ದು ಅಂತಲೂ ಅಲ್ಲ. ಅಪ್ಪನ ಸೋಮವಾರದಲ್ಲಿ ದೇಶ ಇತ್ತು, ಹಸಿದವನ ನೆನಪಿತ್ತು. ಮಗಳ ಸೋಮವಾರದಲ್ಲಿ ಪುಣ್ಯ ಮಾತ್ರ ಉಳಿಯಿತು. ಮೂಲ ಗೊತ್ತಿಲ್ಲದೆ ಅಭ್ಯಾಸ ಮುಂದುವರಿದರೆ ಇಂಥ ನಷ್ಟ ಆಗುತ್ತದೆ. ನಾನು ಅವಳಿಗೆ ಶಾಸ್ತ್ರಿಗಳ ಕಥೆ ಹೇಳಿದ ಮೇಲೆ ಅವಳು ವ್ರತ ಬಿಡಲಿಲ್ಲ, “ಇದು ಇನ್ನೂ ಚೆನ್ನಾಗಿದೆ ಅಪ್ಪಾ” ಅಂದಳು.

ಇದೇ ಖಾತೆಯ ಇನ್ನೊಂದು ನಮೂದು, ಒಂದು ಹಿಡಿ ಹೆಚ್ಚಿಗೆ ಅಕ್ಕಿ. ಎಷ್ಟು ಜನವಿದ್ದರೂ ಅಳತೆ ಆದ ಮೇಲೆ ಅಮ್ಮ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದಳು. ಅಪ್ಪ ವಾರಾನ್ನ ಮಾಡಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರದ ಲೆಕ್ಕದಲ್ಲಿ ಉಂಡು ಓದುವ ಬಡ ವಿದ್ಯಾರ್ಥಿಗಳು ಹಳೇ ಮೈಸೂರಿನ ಊರುಗಳಲ್ಲಿ ಬೇಕಾದಷ್ಟು ಇದ್ದರು. ಆ ಹಿಡಿ ಅಕ್ಕಿ ಬರಬಹುದಾದ ಹುಡುಗನದು. ತಮಿಳುನಾಡಿನಲ್ಲಿ ಕಂಚಿಯ ಹಿರಿಯ ಸ್ವಾಮಿಗಳು ಹೇಳಿಕೊಟ್ಟ ‘ಪಿಡಿ ಅರಿಸಿ’ ಯೋಜನೆಯೂ ಇದರ ಸೋದರಿಯೇ. ದಿನಾ ಒಂದು ಹಿಡಿ ಅಕ್ಕಿ ತೆಗೆದಿಡುವುದು, ಇಲ್ಲದವರಿಗೆ ಕೊಡುವುದು. ಅಣ್ಣಾ ನಗರಿನ ಮೂರನೇ ಮಹಡಿಗೆ ಯಾವ ವಾರಾನ್ನದ ಹುಡುಗನೂ ಬರುವುದಿಲ್ಲ. ಕೆಳಗೆ ವಾಚ್‌ಮನ್ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಳ್ಳದೆ ಯಾರನ್ನೂ ಬಿಡುವುದಿಲ್ಲ. ನಮ್ಮಿಬ್ಬರ ಅಡುಗೆಯಲ್ಲಿ ಇನ್ನೂ ಬೀಳುವ ಆ ಹಿಡಿ ಅಕ್ಕಿ ಫ್ರಿಜ್ಜಿಗೆ ಹೋಗಿ, ಮಾರನೆಯ ದಿನ ಚಿತ್ರಾನ್ನವಾಗಿ ನಮ್ಮ ಹೊಟ್ಟೆಗೇ ಬರುತ್ತದೆ. ಹುಡುಗನ ಪಾಲನ್ನು ನಾವೇ ಉಂಡು ‘ನಮ್ಮ ಸಂಪ್ರದಾಯ’ ಅನ್ನುವುದರಲ್ಲಿ ಅರ್ಥವಿಲ್ಲ ಎಂದು ಹೆಂಡತಿಯೇ ತೀರ್ಮಾನ ಮಾಡಿ, ಈಗ ಆ ಹಿಡಿಯನ್ನು ಡಬ್ಬಿಯಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ಹತ್ತಿರದ ಮಕ್ಕಳ ಆಶ್ರಮಕ್ಕೆ ಕೊಟ್ಟುಬರುತ್ತಾಳೆ.

ಕಲಗಚ್ಚಿನ ಕಥೆ ಇದಕ್ಕೆ ತದ್ವಿರುದ್ಧ. ಅಕ್ಕಿ ಬೇಳೆ ತೊಳೆದ ನೀರನ್ನು ಚೆಲ್ಲದೆ ಒಂದು ಬಕೆಟ್ಟಿಗೆ ಹಾಕಿಡುವುದು. ಊರಿನಲ್ಲಿ ಅದು ಕೊಟ್ಟಿಗೆಗೆ ಹೋಗುತ್ತಿತ್ತು. ಫ್ಲಾಟಿನಲ್ಲಿ ಹಸು ಎಲ್ಲಿ? ಆದರೂ ಸಿಂಕಿನ ಕೆಳಗೆ ಬಕೆಟ್ಟು ಇದ್ದೇ ಇತ್ತು. ಬಂದವರು ನಗುತ್ತಿದ್ದರು. 2019ರ ಜೂನ್ ಬಂತು. ಚೆನ್ನೈಗೆ ನೀರು ಕೊಡುವ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಹೆಚ್ಚುಕಡಿಮೆ ಬತ್ತಿಹೋದವು. ಲಾರಿ ನೀರಿಗೆ ಪಾಳಿ. ಆ ಎರಡು ತಿಂಗಳು ನಮ್ಮ ಕರಿಬೇವಿನ ಕುಂಡ ಉಳಿದದ್ದು ಕಲಗಚ್ಚಿನಿಂದ. ಮಹಡಿಯವರೆಲ್ಲ ಬಕೆಟ್ಟು ಇಟ್ಟರು. ಕಾರಣ ಸತ್ತ ಅಭ್ಯಾಸಕ್ಕೆ ಹೊಸ ಕಾರಣ ಹುಟ್ಟಬಹುದು. ಅದನ್ನು ಹಿರಿಯರು ಮೊದಲೇ ಕಂಡಿದ್ದರು ಅನ್ನುವುದು ಮಾತ್ರ ಸುಳ್ಳು. ಹಿರಿಯರಿಗೆ ಕಂಡದ್ದು ಹಸು. ನಮಗೆ ಕಂಡದ್ದು ಬತ್ತಿದ ಕೆರೆ.

ಇಷ್ಟರವರೆಗೆ ಎಲ್ಲ ಸುಗಮ. ಪಾತ್ರೆಯ ಖಾತೆ, ಅಭಾವದ ಖಾತೆ ಎರಡನ್ನೂ ನಗುತ್ತಾ ಮುಗಿಸಬಹುದು. ಮೂರನೆಯ ಖಾತೆ ಮೇಲು ಕೀಳಿನದು. ನನ್ನ ತಕರಾರು ಇರುವುದು ಇಲ್ಲಿ. ಮೊದಲೆರಡು ಖಾತೆಗಳ ಒಳ್ಳೆಯ ಹೆಸರಿನ ಮರೆಯಲ್ಲಿ ಈ ಮೂರನೆಯದನ್ನೂ ‘ವೈಜ್ಞಾನಿಕ’ ಎಂದು ದಾಟಿಸುತ್ತಾರೆ.

ನಮ್ಮ ಕಡೆ ಬೇಯಿಸಿದ ಅನ್ನ ಮುಟ್ಟಿದ ಕೈಯಲ್ಲಿ ಹಾಲು ಮೊಸರು ಉಪ್ಪಿನಕಾಯಿ ಮುಟ್ಟಬಾರದು, ಅದು ‘ಮುಸುರೆ’. ತಮಿಳು ಬ್ರಾಹ್ಮಣರ ಮನೆಯಲ್ಲಿ ಇದೇ ‘ಪತ್ತು’. ಹೆಸರು ಬೇರೆ, ಕಾಯಿದೆ ಒಂದೇ. ಫ್ರಿಜ್ಜು ಇಲ್ಲದ ಕಾಲದಲ್ಲಿ ಬೇಗ ಹಳಸುವ ಅನ್ನದ ಅಗುಳು ಉಪ್ಪಿನಕಾಯಿ ಜಾಡಿಗೆ ಬೀಳಬಾರದು ಎಂಬುದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಮುಸುರೆಯ ಪಕ್ಕದಲ್ಲೇ ಮಡಿ ಮೈಲಿಗೆ, ಅದರ ಪಕ್ಕದಲ್ಲೇ ತಿಂಗಳ ಮೂರು ದಿನ ಹೊರಗೆ ಕೂರುವುದು, ಅದರ ಪಕ್ಕದಲ್ಲೇ ಕೆಲಸದವರ ಬೇರೆ ಲೋಟ, ಒಂದರ ಕೈ ಒಂದು ಹಿಡಿದುಕೊಂಡು ಬರುತ್ತವೆ. ಮೂರು ದಿನ ಕೂರಿಸಿದ್ದು ಹೆಂಗಸರಿಗೆ ವಿಶ್ರಾಂತಿ ಸಿಗಲಿ ಅಂತ, ಎಂದು ಆ ಪುಸ್ತಕಗಳು ಹೇಳುತ್ತವೆ. ವಿಶ್ರಾಂತಿಗಾದರೆ ತಟ್ಟೆ ಬೇರೆ ಯಾಕೆ? ಜ್ವರ ಬಂದಾಗ ಅದೇ ವಿಶ್ರಾಂತಿ ಯಾಕೆ ಸಿಗಲಿಲ್ಲ? ಕಾರಣ ನಿಜವಾಗಿದ್ದರೆ ಅದು ಎಲ್ಲ ಕಡೆಗೂ ಅನ್ವಯಿಸಬೇಕು. ಒಂದೇ ಕಡೆ ಅನ್ವಯಿಸಿದರೆ ಅದು ನೆವ.

ಲೋಟದ ವಿಷಯವೂ ಹಾಗೆಯೇ. ಮನೆಗೆಲಸದಾಕೆಗೆ ಕಾಫಿ ಕೊಡುವ ಲೋಟವನ್ನು ಅಡುಗೆಮನೆಯ ಕಿಟಕಿಯ ಹೊರಗೆ ಬೋರಲು ಹಾಕಿಡುವುದನ್ನು ನಾನು ಹಾಸನದಲ್ಲೂ ಕಂಡಿದ್ದೇನೆ, ಮದರಾಸಿನಲ್ಲೂ ಕಂಡಿದ್ದೇನೆ. ಕೇಳಿದರೆ, “ಇನ್‌ಫೆಕ್ಷನ್ ಸಾರ್, ಹೈಜೀನ್” ಎಂಬ ಉತ್ತರ. ಅತಿಥಿ ಕುಡಿದ ಲೋಟ ತೊಳೆದ ಮೇಲೆ ಒಳಗಿನ ಸ್ಟ್ಯಾಂಡಿಗೆ ವಾಪಸು ಹೋಗುತ್ತದೆ. ಆ ಲೋಟವನ್ನು ತೊಳೆಯುವಾಕೆಯೇ ಈಕೆ. ತೊಳೆಯುವ ಕೈಗಿಲ್ಲದ ಇನ್‌ಫೆಕ್ಷನ್ ಕುಡಿಯುವ ಬಾಯಿಗೆ ಎಲ್ಲಿಂದ ಬಂತು? 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಅದು ಕಿಟಕಿಯ ಹೊರಗೆ ಲೋಟದ ರೂಪದಲ್ಲಿ ಕೂತಿದೆ. ಇದನ್ನು ‘ಅಮ್ಮನಿಂದ ಬಂದ ಅಭ್ಯಾಸ’ ಎಂದು ಕರೆದು ಸುಮ್ಮನಾಗುವುದು ಅಮ್ಮನಿಗೂ ಅವಮಾನ. ನಮ್ಮ ಮನೆಗೆ ಬರುವಾಕೆ ಕುಡಿಯುವುದು ನಾವು ಕುಡಿಯುವ ಲೋಟದಲ್ಲೇ. ಇದನ್ನು ಹೆಗ್ಗಳಿಕೆಯಿಂದ ಹೇಳುತ್ತಿಲ್ಲ. ಹೇಳಬೇಕಾಗಿ ಬಂದಿರುವುದೇ ನಾಚಿಕೆಯ ಸಂಗತಿ.

ಇನ್ನು ಪಾಕಪುಸ್ತಕಗಳು ಈ ಬಗ್ಗೆ ಏನು ಹೇಳುತ್ತವೆ? ಕನ್ನಡಕ್ಕೆ ಈ ವಿಷಯದಲ್ಲಿ ದೊಡ್ಡ ಪರಂಪರೆಯೇ ಇದೆ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯ ಅಧ್ಯಾಯವಿದೆ. ಮಂಗರಸನ ‘ಸೂಪಶಾಸ್ತ್ರ’ ಪೂರ್ತಿ ಅಡುಗೆಯದೇ. ತಮಿಳಿನಲ್ಲಿ ನಮ್ಮ ಕಾಲದ ದೊಡ್ಡ ಹೆಸರು ಎಸ್. ಮೀನಾಕ್ಷಿ ಅಮ್ಮಾಳ್. 1951ರಲ್ಲಿ ಅವರು ಪ್ರಕಟಿಸಿದ ‘ಸಮೈತ್ತುಪ್ ಪಾರ್’, ಅಂದರೆ ‘ಅಡುಗೆ ಮಾಡಿ ನೋಡು’, ಮದುವೆಯಾಗಿ ದೂರ ಹೋಗುವ ಹೆಣ್ಣುಮಕ್ಕಳಿಗೆ ತವರಿನವರು ಕೊಡುವ ಉಡುಗೊರೆ. ಮಾಮಿಯ ಪ್ರತಿಯಲ್ಲಿ ಹುಣಸೆ ರಸದ ಕಲೆಗಳಿವೆ. ಮಗಳು ಊರು ಬಿಟ್ಟಾಗ ಅತ್ತೆ ಅಮ್ಮ ಇಬ್ಬರ ಜಾಗದಲ್ಲೂ ನಿಂತ ಪುಸ್ತಕ ಅದು. ನಮ್ಮ ಮನೆಯಲ್ಲೂ ಅದರ ಪ್ರತಿ ಇದೆ, ತಮಿಳು ಓದುವುದನ್ನು ಹೆಂಡತಿ ಕಲಿತದ್ದೇ ಅದರ ದೆಸೆಯಿಂದ. ಅದರಲ್ಲಿ ಹೇಳುವ ರೀತಿ ಅಚ್ಚುಕಟ್ಟು, ಅಳತೆ ಖಚಿತ, ‘ಕೈ ಅಂದಾಜು’ ಎಂದು ಜಾರಿಕೊಳ್ಳುವ ಅಭ್ಯಾಸ ಇಲ್ಲ. ಲೆಕ್ಕದವನಾದ ನನಗೆ ಈ ಗುಣಕ್ಕೆ ತುಂಬ ಗೌರವ.

ಆದರೆ ಪಾಕಪುಸ್ತಕದ ಕೆಲಸ ಪಾತ್ರೆ ಒಲೆಯಿಂದ ಇಳಿಸುವಲ್ಲಿಗೆ ಮುಗಿಯುತ್ತದೆ. ಆಮೇಲೆ ಯಾರು ಮೊದಲು ಕೂತರು, ಯಾರು ಕೊನೆಗೆ ಕೂತರು, ಕೊನೆಗೆ ಕೂತವರಿಗೆ ಎಷ್ಟು ಉಳಿದಿತ್ತು ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಮೀನಾಕ್ಷಿ ಅಮ್ಮಾಳ್ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಆ ಕಾಲದ ವಿಧವೆಯರ ಊಟದ ಮೇಲೆ ಎಷ್ಟು ಕಟ್ಟುಪಾಡು ಇತ್ತು ಎಂದು ತಿಳಿಯಲು ನಮ್ಮ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಬೇಕು. 1976ರಲ್ಲಿ ಬಂದ ಈ ಕಾದಂಬರಿ, ಬಾಲವಿಧವೆಯೊಬ್ಬಳು ಬದುಕಿಡೀ ಮಡಿಯ ಹೆಸರಿನಲ್ಲಿ ಸವೆದ ಕಥೆ. ಪ್ರೇಮಾ ಕಾರಂತರ ಸಿನಿಮಾದಿಂದ ಓದದವರಿಗೂ ಗೊತ್ತು. ಒಂದು ಪುಸ್ತಕ ಏನು ಬೇಯಿಸಬೇಕೆಂದು ಹೇಳುತ್ತದೆ, ಇನ್ನೊಂದು ಬೇಯಿಸಿದವಳಿಗೆ ಏನಾಯಿತೆಂದು ಹೇಳುತ್ತದೆ. ಅಡುಗೆಮನೆಯ ಬಗ್ಗೆ ಬರೆಯುವವರ ಮೇಜಿನ ಮೇಲೆ ಎರಡೂ ಇರಬೇಕು. ನಮ್ಮ ಹೊರನಾಡ ಪ್ರಬಂಧಗಳಲ್ಲಿ ಹೆಚ್ಚಿನವು ಮೊದಲನೆಯದರ ಘಮದಲ್ಲೇ ಮುಗಿದುಹೋಗುತ್ತವೆ ಎನ್ನುವುದು ನನ್ನ ಮುಖ್ಯ ಆಕ್ಷೇಪಣೆ.

ನಮ್ಮಮ್ಮ ಎಲ್ಲರ ಊಟ ಆದ ಮೇಲೆ ಉಣ್ಣುತ್ತಿದ್ದಳು. ಪಾತ್ರೆಯ ತಳದಲ್ಲಿ ಉಳಿದ ಗಟ್ಟಿ ಹುಳಿ, ಹತ್ತಿದ ಅನ್ನ. “ನಂಗೆ ತಳದ್ದೇ ಇಷ್ಟ ಕಣೋ” ಅನ್ನುತ್ತಿದ್ದಳು. ಇಂಥ ವಾಕ್ಯವನ್ನು ಎಷ್ಟೋ ಪ್ರಬಂಧಗಳು ತಾಯಿಯ ತ್ಯಾಗವೆಂದು ಕಣ್ಣು ಒದ್ದೆ ಮಾಡಿಕೊಂಡು ಮೆಚ್ಚಿಕೊಂಡಿವೆ. ಮೆಚ್ಚಿಕೊಂಡ ಮಗ ಅಷ್ಟು ಹೊತ್ತಿಗೆ ಕೈ ತೊಳೆದು ಎದ್ದಿರುತ್ತಾನೆ. ಕೊನೆಗೆ ಉಣ್ಣುವುದು ಬರೀ ಭಾವನೆಯ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ 25. ಇದಕ್ಕೆ ಕಾರಣ ಹಲವು, ದೇಹಧರ್ಮವೂ ಒಂದು. ಆದರೆ ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿಗೆ ಇದರಲ್ಲಿ ಪಾಲೇ ಇಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಮಡಿ ಅಡುಗೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ನೈವೇದ್ಯಕ್ಕೆ ಮುಂಚೆ ರುಚಿ ನೋಡಬಾರದು. ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಅಡುಗೆ ಮಾಡಿದವಳಿಗೆ ಗೊತ್ತಾಗುತ್ತಿದ್ದದ್ದು ಎಲ್ಲರೂ ಉಂಡೆದ್ದ ಮೇಲೆ. ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಪದ್ಧತಿ ಈ ಕಾರಣಕ್ಕೇ ಬಂದಿರಬಹುದು ಎಂದು ನನ್ನ ಊಹೆ, ಬೇಕಾದವರು ಹಾಕಿಕೊಳ್ಳಲಿ ಅಂತ. ಊಟಕ್ಕೆ ಕೂತವರ ಅನುಕೂಲಕ್ಕೆ ಎಲೆಯ ಮೇಲೆ ಉಪ್ಪು ಬಂತು. ಮಾಡಿದವಳ ಅನುಕೂಲಕ್ಕೆ ಏನೂ ಬರಲಿಲ್ಲ.

1996ರಲ್ಲಿ, ಮದರಾಸಿನ ಹೆಸರು ಚೆನ್ನೈ ಆದ ವರ್ಷ, ಅಮ್ಮ ನಮ್ಮ ಮನೆಗೆ ಬಂದು ಎರಡು ತಿಂಗಳಿದ್ದಳು. ತೀರ್ಥಹಳ್ಳಿಯ ನನ್ನ ಹೆಂಡತಿ ಪಾತ್ರೆಗಳನ್ನೆಲ್ಲ ಮೇಜಿನ ಮೇಲೆ ತಂದಿಟ್ಟು, “ಅತ್ತೆ, ನೀವೂ ಕೂತ್ಕೊಳ್ಳಿ, ಎಲ್ಲ ಒಟ್ಟಿಗೇ ಊಟ ಮಾಡೋಣ” ಅಂದಳು. “ನಂಗೆ ಅಭ್ಯಾಸ ಇಲ್ಲ ಕಣಮ್ಮ, ನೀವು ಮಾಡಿ” ಎಂದು ಅಮ್ಮ ನಿಂತೇ ಇದ್ದಳು. ಹೆಂಡತಿ ತಾನೂ ಕೂರಲಿಲ್ಲ. ಅನ್ನ ಆರುತ್ತಾ ಇತ್ತು. ಕೊನೆಗೆ ಅಮ್ಮ ಕೂತಳು. ಮೊದಲ ಎರಡು ದಿನ ತುತ್ತಿಗೊಮ್ಮೆ ಎದ್ದು ಬಡಿಸಲು ಹೊರಡುತ್ತಿದ್ದಳು. ನಾಲ್ಕನೆಯ ದಿನ, ಮೊದಲ ತುತ್ತು ಬಾಯಿಗಿಟ್ಟು, “ಹುಳಿಗೆ ಉಪ್ಪು ಸ್ವಲ್ಪ ಕಮ್ಮಿ ಆಯ್ತು ನೋಡು” ಅಂದಳು. ನಾನು ಮೂವತ್ತಾರು ವರ್ಷದಲ್ಲಿ ಅಮ್ಮನ ಬಾಯಿಂದ ಅಡುಗೆಯ ಬಗ್ಗೆ ಕೇಳಿದ ಮೊದಲ ದೂರು ಅದು. ಕೊನೆಯಲ್ಲಿ ಉಣ್ಣುವವರು ಉಪ್ಪು ಕಮ್ಮಿ ಎಂದು ಯಾರಿಗೆ ಹೇಳಬೇಕು? ಕೇಳುವವರೆಲ್ಲ ಎದ್ದು ಹೋಗಿರುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಮೇಲೆ ಹೇಳಿದ್ದೆಲ್ಲ ಒಂದು ಬಗೆಯ ಮನೆಯ ಕಥೆ. ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಮಂಡ್ಯದವರ ಮನೆಯ ಪದ್ಧತಿ ಬೇರೆ, ಕಲಬುರಗಿಯವರದು ಬೇರೆ. ಆದರೆ ಹಸಿ ಅಕ್ಕಿ ತಿಂದರೆ ಮದುವೆಗೆ ಮಳೆ ಬರುತ್ತದೆ ಎಂದು ಎಲ್ಲರ ಅಮ್ಮಂದಿರೂ ಹೇಳಿದ್ದರು, ಮತ್ತು ಎಲ್ಲರ ಅಮ್ಮಂದಿರೂ ಕೊನೆಗೇ ಉಂಡಿದ್ದರು. ಜಾತಿ ಭಾಷೆ ಜಿಲ್ಲೆ ಯಾವುದೂ ಒಪ್ಪದ ಜನ ಈ ಒಂದರಲ್ಲಿ ಎಷ್ಟು ಚೆನ್ನಾಗಿ ಒಪ್ಪಿಕೊಂಡಿದ್ದಾರೆ ನೋಡಿ.

ಹಾಗಾದರೆ ಏನು ಮಾಡಬೇಕು? ಎಲ್ಲವನ್ನೂ ಎಸೆಯಿರಿ ಎಂದು ನಾನು ಹೇಳುವವನಲ್ಲ. ಪಾತ್ರೆಯ ಅಭ್ಯಾಸಗಳನ್ನು ಪಾತ್ರೆ ನೋಡಿ ಇಟ್ಟುಕೊಳ್ಳಬಹುದು, ಬಿಡಬಹುದು. ಅಭಾವದ ಅಭ್ಯಾಸಗಳನ್ನು ಕಥೆಯ ಸಮೇತ ಮಕ್ಕಳಿಗೆ ವರ್ಗಾಯಿಸಬೇಕು, ಕಥೆ ಬಿಟ್ಟು ಬರೀ ಕಟ್ಟಳೆ ಕೊಟ್ಟರೆ ಅದು ಭಾರ. ಉಪ್ಪನ್ನು ಕೈಯಿಂದ ಕೈಗೆ ಕೊಡದ ಹಾಗಿನ, ಯಾರಿಗೂ ನೋವಿಲ್ಲದ, ಕಾರಣವೂ ಸಿಗದ ಅಭ್ಯಾಸಗಳು ಸಸ್ಪೆನ್ಸ್ ಖಾತೆಯಲ್ಲೇ ಇರಲಿ, ಅವಸರವಿಲ್ಲ. ಆದರೆ ಒಬ್ಬರನ್ನು ಹೊರಗಿಟ್ಟು, ಒಬ್ಬರನ್ನು ಕೊನೆಗಿಟ್ಟು ನಡೆದುಬಂದ ಬಾಕಿಗಳಿಗೆ ಬಡ್ಡಿ ಕಟ್ಟುತ್ತಾ ಬಂದವರು ಬೇರೆಯವರು. ಅವನ್ನು ವಜಾ ಮಾಡಲು ಯಾವ ಮೇಲಧಿಕಾರಿಯ ಅಪ್ಪಣೆಯೂ ಬೇಕಿಲ್ಲ.

ಇದನ್ನು ಊರಿನ ಓದುಗರಿಗೆ ಹೇಳುವುದಕ್ಕೆ ಒಂದು ಕಾರಣವಿದೆ. ನಾವು ಹೊರಗಿನವರು ರಜಕ್ಕೆ ಬಂದಾಗ, “ಊರಲ್ಲಿ ಎಲ್ಲ ಬಿಟ್ಬಿಟ್ಟಿದೀರಿ, ನಾವೇ ಉಳಿಸ್ಕೊಂಡಿರೋದು” ಎಂದು ಜಂಬ ಕೊಚ್ಚುತ್ತೇವೆ. ಮುಂದಿನ ಸಲ ಯಾರಾದರೂ ಹಾಗೆ ಅಂದರೆ, ಉಳಿಸಿಕೊಂಡದ್ದು ಯಾವುದು ಎಂದು ಕೇಳಿ. ಕಲಗಚ್ಚಿನ ಬಕೆಟ್ಟು ಅಂದರೆ ಸಂತೋಷ. ಕಿಟಕಿಯ ಹೊರಗಿನ ಲೋಟ ಅಂದರೆ, ಅದನ್ನು ಬಿಟ್ಟ ನೀವೇ ಮುಂದಿದ್ದೀರಿ ಎಂದು ತಿಳಿಯಿರಿ. ಅದನ್ನು ಇನ್ನೂ ಬಿಡದಿದ್ದರೆ, ಆ ಪ್ರಶ್ನೆ ನಿಮ್ಮ ಮನೆಗೂ ಸೇರಿದ್ದು.